ಬೆಡ್‌ಶೀಟಿನ ಈ ಕಡೆಯ ತುದಿ

೧

ಹೇಗೆ ಶುರು ಮಾಡಲಿ ಹೇಳಿ. ಜ್ವಾಲಾಮುಖಿಯಿಂದ ಶುರು ಮಾಡಿದರೆ ನೀವು ಬೂದಿ, ಬೆಂಕಿ ಎಂದು ಕಣ್ಣರಳಿಸಿ ಕೂರುತ್ತೀರಿ. ಮುದುಕಿಯ ಪೆನ್ಶನ್ ಯಾರಿಗೂ ಬೇಡವಾಗುತ್ತದೆ. ಪೆನ್ಶನ್ನಿನಿಂದಲೇ ಶುರು ಮಾಡಿದರೆ ಎರಡನೇ ಸಾಲಿಗೆ ಆಕಳಿಸುತ್ತೀರಿ. (ಆಕಳಿಸಿ ನೋಡಿ. ನಾನು ಮರಳಿನ ಲಾರಿ ಓಡಿಸುವವನು, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಓದುಗರನ್ನು ಓಲೈಸುವ ವಿದ್ಯೆ ಹತ್ತನೇ ಕ್ಲಾಸಿನಲ್ಲಿತ್ತೋ ಏನೋ.)

ಸೂರಿನಿಂದ ಶುರು ಮಾಡುತ್ತೇನೆ.

ಮಾಂಟ್ಸೆರಾಟ್ ದ್ವೀಪದ ಸೇಂಟ್ ಜಾನ್ಸ್ ಊರಿನಲ್ಲಿ ಮಿಸ್ ಎಸ್ಮಿ ರೈಲಿ ಅವರ ತಗಡಿನ ಸೂರು ನಾಲ್ಕು ಕಡೆ ಸೋರುತ್ತಿದೆ. ಅವರಿಗೆ ಎಂಬತ್ತನಾಲ್ಕು ವರ್ಷ. ಸೂರು ಹಾಕಿಸಲು ಅವರ ಬ್ರಿಟಿಷ್ ಪೆನ್ಶನ್ ಸಾಲದು. ಅದು ಇಪ್ಪತ್ತೆರಡು ವರ್ಷದಿಂದ ಒಂದು ಪೆನ್ನಿಯೂ ಏರಿಲ್ಲ. ಲಂಡನ್ನಿನಿಂದ ಅವರ ಅಕ್ಕನ ಮಗಳು ಮಾರ್ಲಿನ್ ಒಂದು ವಿಮಾನದ ಟಿಕೆಟ್ ಕಳಿಸಿದ್ದಾಳೆ. ಮಂಗಳವಾರದ್ದು. ಹೋಗುವುದಕ್ಕೆ ಮಾತ್ರ, ಬರುವುದಕ್ಕಿಲ್ಲ. ಅಲ್ಲಿಗೆ ಹೋಗಿ ನೆಲೆಸಿದರೆ ಪೆನ್ಶನ್ ಇವತ್ತಿನ ದರಕ್ಕೆ ಏರುತ್ತದೆ. ಇಲ್ಲೇ ತಮ್ಮ ಮನೆಯಲ್ಲಿದ್ದರೆ ಏರುವುದಿಲ್ಲ.

ಕಥೆ ಇಷ್ಟೇ: ಮಿಸ್ ಎಸ್ಮಿ ಹೋಗುತ್ತಾರೋ, ಇರುತ್ತಾರೋ. ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಇಷ್ಟು ಹೊತ್ತಿಗೆ ಬರೆದು ಮುಗಿಸಿ ಲಾರಿ ತೊಳೆಯುತ್ತಿದ್ದೆ.

೨. ಮೊದಲ ಡ್ರಾಫ್ಟ್ (ರದ್ದು)

ಹೊರದೇಶಗಳಲ್ಲಿರುವ ಪೆನ್ಶನ್‌ದಾರರ ಸಂಘವೊಂದು ಬ್ರಿಟಿಷ್ ಸಂಸದರ ಮುಂದಿಡಲು ಎಲ್ಲರಿಂದ ಒಂದೊಂದು ಪುಟ ಕೇಳಿದೆ. ನಿಮ್ಮ ಬದುಕಿನ ಕಥೆ ಬರೆದು ಕಳಿಸಿ, ಎಂದು. ಮಿಸ್ ಎಸ್ಮಿಗೆ ಕೈ ನಡುಗುತ್ತದೆ. ಊರಿನವರ ಫಾರ್ಮುಗಳನ್ನೆಲ್ಲ ತುಂಬಿಕೊಡುವ ನನ್ನನ್ನು ಕರೆದರು. ಆ ಒಂದು ಪುಟವನ್ನೇ ನೀವು ಓದುತ್ತಿರುವುದು. ಉದ್ದವಾಯಿತು ಅನ್ನಬೇಡಿ. ಇಪ್ಪತ್ತೆರಡು ವರ್ಷ ಏರದೆ ಉಳಿದದ್ದೆಲ್ಲ ಇಲ್ಲಿ ಏರುತ್ತಿದೆ.

ಮೊದಲ ಡ್ರಾಫ್ಟ್ ಹೀಗಿತ್ತು: ‘ಕಳ್ಳ ಸರ್ಕಾರಕ್ಕೆ. ಮೂವತ್ತನಾಲ್ಕು ವರ್ಷ ನಿಮ್ಮ ರೋಗಿಗಳ ರಕ್ತ, ಕೀವು, ಮಲ ತೊಳೆದ ಕೈಗಳಿವು. ನಿಮಗೆ ನಾಚಿಕೆ ಎಂಬುದು…’

ಅವರು ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು, ಕೊನೆಯವರೆಗೂ ಓದಿದರು. ಯಾರ ಕಥೆ ಇದು ಎಂದು ಕೇಳಿದರು. ನಿಮ್ಮದೇ ಎಂದೆ.

“ಇದ್ರಲ್ಲಿ ನಾನೆಲ್ಲಿದೀನಿ ಡೆಲ್‌ರಾಯ್? ನೀನು ಹಲ್ಲು ಕಡಿಯೋ ಸದ್ದೇ ಕೇಳಿಸ್ತಿದೆ.”

ಥ್ಯಾಂಕ್ಸ್ ಹೇಳಿ ಶುರು ಮಾಡು ಎಂದರು. ಹಿಮ ಬಿದ್ದ ಬೆಳಗ್ಗೆಗಳಲ್ಲಿ ಇವರು ಓಡಿ ಬರುವವರೆಗೂ ಬಸ್ಸು ನಿಲ್ಲಿಸಿಕೊಂಡಿರುತ್ತಿದ್ದ ಕಂಡಕ್ಟರಿಗೆ. ಅಮ್ಮ ತೀರಿಕೊಂಡಾಗ ಆರು ವಾರ ಕೆಲಸ ಕಾದಿಟ್ಟ ಮೇಲ್ವಿಚಾರಕಿಗೆ. ಹೊಟ್ಟೆಯ ಗೆಡ್ಡೆಯನ್ನು ಒಂದು ಕಾಸೂ ಕೇಳದೆ ತೆಗೆದ ಡಾಕ್ಟರಿಗೆ. ದೂರಿನ ಅರ್ಜಿಯಲ್ಲಿ ಥ್ಯಾಂಕ್ಸ್ ಯಾರಾದರೂ ಬರೆಯುತ್ತಾರಾ ಎಂದು ನಾನು ಪೆನ್ನು ಕೆಳಗಿಟ್ಟೆ.

“ನಾನು ಬರೀತೀನಿ. ಥ್ಯಾಂಕ್ಸ್ ಹೇಳ್ತಿರೋದು ಆ ಜನಕ್ಕೆ. ನ್ಯಾಯ ಕೇಳ್ತಿರೋದು ಪೆನ್ಶನ್ ಆಫೀಸನ್ನ. ಎರಡಕ್ಕೂ ನನ್ನ ಹತ್ರ ಇರೋದು ಒಂದೇ ಬಾಯಿ, ಏನ್ಮಾಡ್ಲಿ?”

೩

ಈಗ ಸ್ವಲ್ಪ ನಿಧಾನವಾಗಿ ಓದಿ. ಅನ್ಯಾಯ ಇರುವುದು ಇಲ್ಲಿ.

ಲಂಡನ್ನಿನ ಹ್ಯಾಕ್ನಿಯ ಒಂದು ಆಸ್ಪತ್ರೆಯ ಲಾಂಡ್ರಿ. ಇಸ್ತ್ರಿಯ ರೋಲರಿನಿಂದ ಬಿಸಿಬಿಸಿ ಬೆಡ್‌ಶೀಟ್ ಹೊರಬರುತ್ತದೆ. ಆ ಕಡೆಯ ತುದಿ ಹಿಡಿಯಲು ಒಬ್ಬಳು, ಈ ಕಡೆಯ ತುದಿಗೆ ಇನ್ನೊಬ್ಬಳು. ಇಬ್ಬರೂ ಜಾಡಿಸಬೇಕು, ನಾಲ್ಕು ಹೆಜ್ಜೆ ನಡೆದು ಎದುರಾಗಬೇಕು, ಮೂಲೆಗೆ ಮೂಲೆ ಕೂಡಿಸಿ ಹಿಂದೆ ಸರಿಯಬೇಕು. ಆ ಕಡೆ ಜಮೈಕಾದ ಕ್ಲಾರಿಸ್, ಈ ಕಡೆ ನಮ್ಮ ಮಿಸ್ ಎಸ್ಮಿ. ಹತ್ತೊಂಬತ್ತು ವರ್ಷ ಇಬ್ಬರೂ ದಿನಕ್ಕೆ ನೂರಾರು ಸಲ ಹೀಗೆ ಎದುರಾದರು. ಪ್ರತಿ ವಾರ ಇಬ್ಬರ ಸಂಬಳದಿಂದಲೂ ಅದೇ ತೆರಿಗೆ, ಅದೇ ಪೆನ್ಶನ್ ಕಂತು ಕತ್ತರಿಸಿದರು. ಕತ್ತರಿಸುವಾಗ ನೀನು ಯಾವ ದ್ವೀಪದವಳು ಎಂದು ಯಾರೂ ಕೇಳಲಿಲ್ಲ.

ರಿಟೈರಾಗಿ ಕ್ಲಾರಿಸ್ ಜಮೈಕಾಕ್ಕೆ ಹೋದಳು. ಅವಳ ಪೆನ್ಶನ್ ಪ್ರತಿ ಏಪ್ರಿಲ್ ಏರುತ್ತದೆ. ಮಿಸ್ ಎಸ್ಮಿ ಇಲ್ಲಿಗೆ ಬಂದರು. ಇವರದು ಬಂದಿಳಿದ ದಿನ ಎಷ್ಟಿತ್ತೋ ಅಷ್ಟೇ. ಕಾರಣ? ಜಮೈಕಾದ ಜೊತೆ ಬ್ರಿಟಿಷರಿಗೊಂದು ಒಪ್ಪಂದವಿದೆ, ನಮ್ಮ ಜೊತೆ ಇಲ್ಲ. ನಮ್ಮ ಬಾವುಟದ ಮೂಲೆಯಲ್ಲಿ ಅವರ ಬಾವುಟವಿದೆ, ನಮ್ಮ ಪಾಸ್‌ಪೋರ್ಟು ಅವರದು, ನಮ್ಮ ಗವರ್ನರ್ ಅಲ್ಲಿಂದ ಬರುತ್ತಾರೆ. ಸ್ವತಂತ್ರವಾಗಿ ಬಿಟ್ಟು ಹೋದ ಜಮೈಕಾಕ್ಕೆ ಏರಿಕೆ, ಇನ್ನೂ ಅವರ ಮನೆಯಲ್ಲೇ ಇರುವ ನಮಗೆ ಇಲ್ಲ.

ಮಿಸ್ ಎಸ್ಮಿ ಮಾಡಿದ ತಪ್ಪು ಒಂದೇ. ವಾಪಸು ಹೊರಡುವಾಗ ಪೆನ್ಶನ್ ಏನಾಗುತ್ತದೆ ಎಂದು ಯಾರನ್ನೂ ಕೇಳಲಿಲ್ಲ. ಬೇರೆ ದೇಶಕ್ಕೆ ಹೋಗುವವರು ಕೇಳಿಕೊಳ್ಳಬೇಕು, ನಾನು ಅದೇ ಬಾವುಟದ ಕೆಳಗೆ ಹೋಗುತ್ತಿದ್ದೇನಲ್ಲ ಎಂದುಕೊಂಡರು. (ನಂಬಿದ್ದೇ ತಪ್ಪು. ಇಂಥ ತಪ್ಪನ್ನು ನಮ್ಮ ದ್ವೀಪದವರು ಮಾತ್ರ ಮಾಡಬಲ್ಲರು.)

ಏಪ್ರಿಲ್ ಬಂತೆಂದರೆ ಕ್ಲಾರಿಸ್ ಫೋನಿನಲ್ಲಿ ಎಲ್ಲ ಮಾತಾಡುತ್ತಾಳೆ, ಏರಿಕೆಯ ಮಾತೊಂದನ್ನು ಬಿಟ್ಟು. ಅವಳಿಗೆ ಸಂಕೋಚ. ಮಿಸ್ ಎಸ್ಮಿಯೇ ಬಾಯಿ ಬಿಡಿಸುತ್ತಾರೆ. ಈ ವರ್ಷ ಅವಳು ಹೇಳಿದ ಮೇಲೆ, ಒಳ್ಳೇದಾಯ್ತು ಕಣೇ, ಮೊದಲು ಹಲ್ಲು ಕಟ್ಟಿಸ್ಕೋ, ಎಂದು ನಕ್ಕು ಫೋನಿಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕಥೆಗೆ ಬೇಕಾಗಿತ್ತು, ಚೂರು ಹೊಟ್ಟೆಕಿಚ್ಚು ಸಿಕ್ಕಿದರೂ ಸಾಕಿತ್ತು. ಸಿಗಲಿಲ್ಲ. ಇಂಥ ಪಾತ್ರ ಕಟ್ಟಿಕೊಂಡು ಯಾವನು ಕಥೆ ಬರೆಯುತ್ತಾನೆ?

೪

ಈ ಭಾಗದಲ್ಲಿ ಅಂಕಿ ಅಂಶಗಳಿದ್ದವು. ಮಿಸ್ ಎಸ್ಮಿ ಅದರ ಮೇಲೆ ಚಹಾದ ಲೋಟ ಇಟ್ಟರು.

೫

ಹೋದ ಭಾನುವಾರ ಚರ್ಚಿನ ಹೊರಗೆ ಬಡಗಿ ಸ್ವೀನಿ ಸಾಹೇಬರು, ಬರುವ ಶನಿವಾರ ಮಿಸ್ ಎಸ್ಮಿ ಮನೆಯಲ್ಲಿ ಮುಯ್ಯಾಳು ಎಂದು ಸಾರಿದರು. ನಮ್ಮಲ್ಲಿ ಮನೆ ಕಟ್ಟುವುದು, ಸೂರು ಹಾಕುವುದು ಮೊದಲಿನಿಂದಲೂ ಹೀಗೆಯೇ: ಊರು ಬಂದು ಕೆಲಸ ಮಾಡುತ್ತದೆ, ಮನೆಯವರು ಹೊಟ್ಟೆ ತುಂಬ ಮೇಕೆ ಸಾರು ಬಡಿಸುತ್ತಾರೆ. ಒಬ್ಬರು ತಗಡು ನನ್ನದು ಎಂದರು, ಒಬ್ಬರು ಮೊಳೆ ನನ್ನದು ಎಂದರು.

ನಾನೊಬ್ಬ ಬೇಡ ಎಂದೆ.

(ತಡೆಯಿರಿ, ನನ್ನ ವಾದ ಕೇಳಿ.) ನಾವು ಸೂರು ಹಾಕಿಬಿಟ್ಟರೆ ಆ ಆಫೀಸಿನವರು, ನೋಡಿ, ಮುದುಕಿ ಹೇಗೋ ನಿಭಾಯಿಸುತ್ತಿದ್ದಾಳೆ ಎನ್ನುತ್ತಾರೆ. ನಾವು ಒಳ್ಳೆಯವರಾದಷ್ಟೂ ಅವರಿಗೆ ಉಳಿತಾಯ. ಅವರು ಹಾಕಬೇಕಾದ ಮೊಳೆಯನ್ನು ನಾವು ಹೊಡೆಯುತ್ತಾ ಹೋದರೆ ಕಾನೂನು ಯಾವ ಜನ್ಮಕ್ಕೆ ಬದಲಾಗುತ್ತದೆ?

ಇದನ್ನೇ ಚರ್ಚಿನ ಮೆಟ್ಟಿಲ ಮೇಲೆ ನಿಂತು ಕೂಗಿ ಹೇಳಿದೆ. ಸ್ವೀನಿ ಸಾಹೇಬರು ಸಮಾಧಾನವಾಗಿ ಟೋಪಿ ಹಾಕಿಕೊಂಡರು.

“ಸರಿ ಕಣಪ್ಪ. ಮುದುಕಿ ನೆನೀಲಿ, ನಿನ್ನ ವಾದ ಒಣಗಿರ್ಲಿ.”

ಎಲ್ಲರೂ ನಕ್ಕರು. ಮಿಸ್ ಎಸ್ಮಿ ಮಾತ್ರ ನಗಲಿಲ್ಲ. ಮನೆಗೆ ಬಂದ ಮೇಲೆ, ನೀನು ಹೇಳಿದ್ದರಲ್ಲಿ ಸತ್ಯವಿದೆ, ಅದನ್ನು ಬರೆದುಕೋ ಎಂದರು. “ಸೂರು ಹಾಕಿಸ್ಕೋತೀನಿ. ಸೋರೋ ಮನೇಲಿ ಕೂತು ಸಾಕ್ಷಿ ಹೇಳೋ ವಯಸ್ಸಲ್ಲ ನಂದು. ಆದ್ರೆ ಅವರಿಗೆ ತಿಳಿಸು, ಇದು ನನ್ನ ಊರು ಹಾಕಿದ ಸೂರು. ನೀವು ಕೊಡ್ಬೇಕಾದ್ದು ಹಾಗೇ ಇದೆ ಅಂತ.”

ಮೂರು ದಿನ ಬರೆದು ಹರಿದು ಹಾಕಿದ ನನ್ನ ಸಿಟ್ಟಿಗಿಂತ ಈ ನಾಲ್ಕು ಮಾತು ಖಾರವಾಗಿದ್ದವು. ಇದಕ್ಕೂ ನನಗೆ ಸಿಟ್ಟು ಬಂತು.

೬

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಹೇಳುವವನಿಗೆ ಕೋಪವಿದ್ದರೆ ನೀವು ಕಿವಿಗೊಡುತ್ತೀರಿ, ಋಣವಿದೆ ಎಂದು ತಿಳಿದರೆ ಅನುಮಾನ ಪಡುತ್ತೀರಿ; ಅದಕ್ಕೆ.

(ಈಗ ಜ್ವಾಲಾಮುಖಿ. ಒಂದೇ ವಾಕ್ಯ.) ತೊಂಬತ್ತೇಳರಲ್ಲಿ ಬೆಟ್ಟ ಸಿಡಿದು ದಕ್ಷಿಣದ ಊರುಗಳು ಬೂದಿಯ ಕೆಳಗೆ ಹೋದಾಗ, ಒಂಬತ್ತು ಜನ ಒಂದೊಂದು ಚೀಲ ಹಿಡಿದು ಹ್ಯಾಕ್ನಿಯಲ್ಲಿ ಮಿಸ್ ಎಸ್ಮಿಯ ಬಾಗಿಲು ತಟ್ಟಿದರು. ಕೌನ್ಸಿಲ್ಲಿನ, ಅಂದರೆ ಅಲ್ಲಿನ ಪುರಸಭೆಯ, ಬಾಡಿಗೆ ಫ್ಲ್ಯಾಟು, ಎರಡೇ ಕೋಣೆ. ಬಂದವರಲ್ಲಿ ಹತ್ತೊಂಬತ್ತು ವರ್ಷದ ಬಸುರಿಯೊಬ್ಬಳಿದ್ದಳು. ಅವಳು ನನ್ನಮ್ಮ. ಮಿಸ್ ಎಸ್ಮಿ ತಮ್ಮ ಮಂಚ ಅವಳಿಗೆ ಬಿಟ್ಟುಕೊಟ್ಟು, ತಾವು ಸ್ನಾನದ ತೊಟ್ಟಿಯಲ್ಲಿ ಎರಡು ದಿಂಬು ಹಾಸಿಕೊಂಡು ಮಲಗಿದರು. ಒಂದು ದಿನವಲ್ಲ, ಎರಡು ದಿನವಲ್ಲ, ಹದಿನಾಲ್ಕು ತಿಂಗಳು. ಬೆಳಗ್ಗೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಬೆಡ್‌ಶೀಟ್ ಹಿಡಿಯಲು ಹೋಗುತ್ತಿದ್ದರು. ನಾನು ಕಣ್ಣು ಬಿಟ್ಟದ್ದು ಆ ಮನೆಯಲ್ಲಿ.

ಇದನ್ನು ಪುಟದಲ್ಲಿ ಬರೆಯೋಣ, ಓದಿದ ಸಂಸದರ ಕಣ್ಣು ಒದ್ದೆಯಾಗಲಿ ಎಂದೆ. ಖಡಾಖಂಡಿತವಾಗಿ ಬೇಡ ಎಂದರು. ಎರಡು ಕೋಣೆಯಲ್ಲಿ ಅಷ್ಟು ಜನರನ್ನು ಇಟ್ಟುಕೊಳ್ಳುವುದು ಕೌನ್ಸಿಲ್ಲಿನ ನಿಯಮಕ್ಕೆ ವಿರುದ್ಧವಂತೆ. ಈಗ ದಂಡ ಹಾಕಿದರೆ? ಇಪ್ಪತ್ತೆಂಟು ವರ್ಷವಾಯಿತಲ್ಲ ಮಿಸ್ ಎಸ್ಮಿ ಎಂದೆ.

“ಅವರು ಕೊಡೋದನ್ನ ಮರೀತಾರೆ ಮಗಾ. ತಗೊಳ್ಳೋದನ್ನ ಮರೆಯಲ್ಲ.”

(ಸಂಸದರೇ, ಈ ಭಾಗವನ್ನು ನೀವು ಓದಿಲ್ಲ.)

೭. ಕೊನೆಗಳು

ಅ. ಮಿಸ್ ಎಸ್ಮಿ ಇಲ್ಲೇ ಉಳಿಯುತ್ತಾರೆ. ಪುಟ ಓದಿ ಸಂಸತ್ತು ಕರಗುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಕ್ಲಾರಿಸ್‌ಗೆ ಇವರೇ ಮೊದಲು ಫೋನ್ ಮಾಡುತ್ತಾರೆ.
ಪೆನ್ಸಿಲ್ಲಿನ ಟಿಪ್ಪಣಿ: ಕಥೆ ಬರೆ ಅಂದರೆ ಲಾಟರಿ ಟಿಕೆಟ್ ಬರೆದಿದ್ದೀಯ.

ಆ. ಮಂಗಳವಾರ ಹೊರಡುತ್ತಾರೆ. ಮಾರ್ಲಿನ್‌ಳ ಮನೆ ಬೆಚ್ಚಗಿದೆ. ಪೆನ್ಶನ್ ಪೂರ್ತಿ ಬರುತ್ತದೆ. ಕಿಟಕಿಯಿಂದ ಸಾಲಾಗಿ ನಿಲ್ಲಿಸಿದ ಕಾರುಗಳು ಕಾಣುತ್ತವೆ.
ಇದಕ್ಕೆ ಟಿಪ್ಪಣಿ ಇರಲಿಲ್ಲ. ಮಾರ್ಲಿನ್ ಒಳ್ಳೇ ಹುಡುಗಿ, ಇದರಲ್ಲಿ ತಪ್ಪೇನಿದೆ ಎಂದು ಬಾಯಲ್ಲಿ ಹೇಳಿದರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಇ. ಹೆದರಿಕೆಯಲ್ಲಿ ಬರೆದದ್ದು. ಹೋಗಬೇಕೋ ಇರಬೇಕೋ ಎಂದು ನಿರ್ಧರಿಸುವ ಮೊದಲೇ ಮಿಸ್ ಎಸ್ಮಿ ತಮ್ಮ ಹಾಸಿಗೆಯಲ್ಲಿ ನಿದ್ದೆಯಲ್ಲೇ ಹೋಗಿಬಿಡುತ್ತಾರೆ. ಊರೇ ಅಳುತ್ತದೆ. ಚೆನ್ನಾಗಿ ಬಂದಿತ್ತು, ಸುಳ್ಳೇಕೆ ಹೇಳಲಿ.

ಅವರು ಆ ಹಾಳೆಯನ್ನು ಎರಡಾಗಿ ಮಡಚಿ, ಮತ್ತೆ ಎರಡಾಗಿ ಮಡಚಿ, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ, ನನ್ನ ಕೈಗಿಟ್ಟರು.

“ಆ ಆಫೀಸು ಕಾಯ್ತಿರೋದು ಈ ಕೊನೇನೇ. ಅವರ ಪರವಾಗಿ ನೀನ್ಯಾಕೆ ಬರೀತೀಯ?”

೮

ಇವತ್ತು ಶನಿವಾರ. ಬೆಳಗ್ಗೆ ಆರಕ್ಕೇ ಸ್ವೀನಿ ಸಾಹೇಬರು ಏಣಿ ಹಾಕಿದ್ದರು. ನಾನೂ ಹತ್ತಿದೆ. (ಹೌದು, ವಾದ ಸೋತವನ ಹಾಗೆ ಹತ್ತಿದೆ. ನಗುವುದಿದ್ದರೆ ನಗಿ.) ನನ್ನಮ್ಮ ಕೆಳಗಿನಿಂದ ಮೊಳೆ ಕೊಡುತ್ತಿದ್ದಳು. ಆ ಒಂಬತ್ತರಲ್ಲಿ ಬದುಕಿರುವವರು ಆರು ಜನ. ಆರೂ ಜನ ಬಂದಿದ್ದರು. ಯಾರೂ ಯಾರಿಗೂ ಏನನ್ನೂ ನೆನಪಿಸಲಿಲ್ಲ. ಎರಡು ಗಂಟೆಗೆ ಕೊನೆಯ ತಗಡು ಕೂತಿತು. ಮೇಕೆ ಸಾರಿಗೆ ಲವಂಗ ಸ್ವಲ್ಪ ಜಾಸ್ತಿಯಾಗಿತ್ತು. ಮಿಸ್ ಎಸ್ಮಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಊಟವಾದ ಮೇಲೆ ಅವರ ಪಕ್ಕ ಕೂತು ಹಾಳೆ ತೆಗೆದೆ. ಸೋಮವಾರ ಅಂಚೆಗೆ ಹಾಕಬೇಕು, ಕೊನೆ ಇಲ್ಲದೆ ಹೇಗೆ ಕಳಿಸಲಿ, ಹೋಗುತ್ತೀರೋ ಇರುತ್ತೀರೋ ಈಗಲಾದರೂ ಹೇಳಿ ಎಂದೆ. ಅವರು ಬಟ್ಟಲು ಕೆಳಗಿಟ್ಟರು.

“ನಾನು ಬಂದಿಳಿದ ದಿನ ನನ್ನ ಪೆನ್ಶನ್ನಿಗೆ ಗೂಟ ಹೊಡೆದ್ರು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕಟ್ಟಿ ನಿಲ್ಸಿದಾರೆ. ಈಗ ನೀನೊಂದು ಕೊನೆ ಬರೆದು ನನ್ನೂ ಕಟ್ಟಿ ನಿಲ್ಲಿಸ್ಬೇಡ. ಮಂಗಳವಾರ ಬೆಳಗ್ಗೆ ಎದ್ದು ನೋಡ್ತೀನಿ.”

ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಇಪ್ಪತ್ತೇಳು ವರ್ಷದಿಂದ ಹೇಳದೆ ಇದ್ದ ಒಂದು ಸಣ್ಣ ಮಾತು. ಹೇಳಿದೆ. ಯಾತಕ್ಕೆ ಥ್ಯಾಂಕ್ಸು ಎಂದು ಅವರು ಕೇಳಲಿಲ್ಲ, ನಾನೂ ವಿವರಿಸಲಿಲ್ಲ. ಬರ್ಕೋ ಎಂದು ಹೆಸರುಗಳನ್ನು ಹೇಳತೊಡಗಿದರು. ಲಾಂಡ್ರಿಯಲ್ಲಿದ್ದವರು, ಬಸ್ಸಿನವರು, ವಾರ್ಡಿನವರು, ಇವತ್ತು ಸೂರು ಹತ್ತಿದವರು. ನನ್ನ ಹೆಸರೂ ಬಂತು. ಅದನ್ನು ಬಿಟ್ಟು ಮುಂದಿನದಕ್ಕೆ ಹೋದೆ. ಪೆನ್ಸಿಲ್ಲಿನಿಂದ ಬೆರಳ ಗೆಣ್ಣಿಗೆ ಹೊಡೆದು ಬರೆಸಿದರು.

ಸಂಘದವರು ಕೊಟ್ಟ ಜಾಗ ಮುಗಿಯಿತು ಮಿಸ್ ಎಸ್ಮಿ, ಒಂದೇ ಪುಟ ಎಂದಿದ್ದಾರೆ ಎಂದೆ. ಆ ಬದಿ ಖಾಲಿ ಇದೆಯಲ್ಲ ಎಂದರು.

ಹಾಳೆ ತಿರುಗಿಸಿದೆ. ಹೇಳಿ, ಎಂದೆ.