ಮೂವತ್ತೆರಡನೆಯ ಹೆಜ್ಜೆ

ನಮ್ಮದು ನೀರು ಸರಬರಾಜು ಕೆಲಸಗಾರರ ಬ್ಯಾಂಡು. ಇಪ್ಪತ್ತು ಜನರಲ್ಲಿ ಕ್ಲಾರಿನೆಟ್ ಊದುವವರು ಇಬ್ಬರೇ. ಒಬ್ಬರು, ಮೂವತ್ತು ವರ್ಷ ರಸ್ತೆರಸ್ತೆಯ ವಾಲ್ವ್ ತಿರುಗಿಸಿ ನಿವೃತ್ತರಾದ ವಾಲ್ವಜ್ಜ. ಇನ್ನೊಬ್ಬಳು ನಾನು. ಪಂಪ್‌ಹೌಸಿನ ಕಚೇರಿಯಲ್ಲಿ ಮೀಟರಿನ ಅಂಕಿಗಳನ್ನು ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸ. ಇಳಿಸಿದ ಮೇಲೆ ಎರಡು ಸಲ ನೋಡುತ್ತೇನೆ, ಮನೆಗೆ ಹೋಗುವಾಗ ದಾರಿಯಲ್ಲಿ ನಿಂತು ಮತ್ತೆ ಯೋಚಿಸುತ್ತೇನೆ. ಕ್ಲಾರಿನೆಟ್ ಕಲಿತದ್ದು ಸಂಜೆ ತರಗತಿಯಲ್ಲಿ. ಹಾಗಾಗಿ ಏಳು ವರ್ಷವಾದರೂ, ಯಾರೋ ಬಂದು "ನೀನಿಲ್ಲಿ ಯಾಕಿದ್ದೀಯ?" ಎಂದು ಕೇಳುತ್ತಾರೆಂಬ ಭಯ ಹೋಗಿರಲಿಲ್ಲ.

ಕೊನೆಗೆ ಬ್ಯಾಂಡ್ ಮೇಷ್ಟ್ರೇ ಕೇಳಿದರು. ಭಾನುವಾರದ ಮೆರವಣಿಗೆಗೆ ಮೂರು ದಿನ ಉಳಿದಿತ್ತು.

"ತಪ್ಪು ತಿಳ್ಕೋಬೇಡಿ. ಬೀದೀಲಿ ನಿಮ್ಮಿಬ್ಬರದ್ದು ಕೇಳ್ಸುತ್ತಾ? ಆ ಜಾಗಕ್ಕೆ ಇನ್ನೆರಡು ಟ್ರಂಪೆಟ್ ಹಾಕೋಣ ಅಂತಿದ್ದೀನಿ."

"ಹೊಳೇಲಿ ಹುಣಸೇಹಣ್ಣು ತೊಳ್ದಂಗೆ ಬಿಡಿ ಮೇಷ್ಟ್ರೇ," ಎಂದ ಟ್ರಂಪೆಟ್ ಊದುವ ಮೆಕ್ಯಾನಿಕ್. "ಹುಳಿನೂ ಇಲ್ಲ, ರುಚಿನೂ ಇಲ್ಲ."

"ನೀನು ಊದೋದು ಮಾತ್ರ ಪಕ್ಕದೂರಿಗೂ ಕೇಳ್ಸುತ್ತೆ," ಎಂದರು ಡೋಲು ಹೊತ್ತಿದ್ದ ನನ್ನ ಸೋದರಮಾವ. "ಅವರೂ ಬಂದು ಜಗಳ ಆಡಲಿ ಅಂತಾನಾ?"

ಎಲ್ಲರೂ ನಕ್ಕರು. ವಾಲ್ವಜ್ಜ ನಗಲಿಲ್ಲ. ಹೆಂಡತಿ ಹೋದ ಮೇಲೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕುವುದು ಬ್ಯಾಂಡಿನ ದಿನ ಮಾತ್ರ.

ಮೇಷ್ಟ್ರು ನನ್ನತ್ತ ತಿರುಗಿದರು. "ನೀನು ಗೇಟಿನ ಹತ್ರ ನಿಂತು ಕೇಳಮ್ಮ. ಒಂದು ಸಲ ಅಜ್ಜನ ಜೊತೆ ನುಡಿಸ್ತೀವಿ, ಒಂದು ಸಲ ಬಿಟ್ಟು. ವ್ಯತ್ಯಾಸ ಇದ್ಯೋ ಇಲ್ವೋ ಹೇಳು. ನೀನು ಸುಳ್ಳು ಹೇಳೋಳಲ್ಲ."

ನಾವು ಅಭ್ಯಾಸ ಮಾಡುವ ಪಂಪ್‌ಹೌಸಿನ ಅಂಗಳದ ತುಂಬ ಕಬ್ಬಿಣದ ಕೊಳವೆಗಳ ರಾಶಿ. ಅದನ್ನು ದಾಟಿ ಗೇಟಿಗೆ ಹೋಗಿ ನಿಂತೆ. ಮೊದಲ ಸಲ ಅಜ್ಜನ ಕೆನ್ನೆ ಉಬ್ಬಿದ್ದು ಕಾಣುತ್ತಿತ್ತು. ಕಿವಿಗೆ ಬಿದ್ದದ್ದು ಟ್ರಂಪೆಟ್ಟು, ಡೋಲು, ಅಷ್ಟೇ. ಇಪ್ಪತ್ತು ಹೆಜ್ಜೆಗೇ, ಅಂದರೆ ಡೋಲಿನ ಇಪ್ಪತ್ತು ಪೆಟ್ಟಿಗೇ, ಮೇಷ್ಟ್ರು ನಿಲ್ಲಿಸಿ, ಅಜ್ಜನನ್ನು ಬಿಟ್ಟು ಮತ್ತೆ ಶುರು ಮಾಡಿಸಿದರು. ಹದಿನಾರು ಹೆಜ್ಜೆಗೊಮ್ಮೆ ಟ್ರಂಪೆಟ್ಟುಗಳೆಲ್ಲ ಒಟ್ಟಿಗೆ ಉಸಿರು ತೆಗೆದುಕೊಳ್ಳುತ್ತವೆ. ಅಲ್ಲಿ ರಾಗ ಕಡಿಯಿತು, ನಗುವಾಗ ಹಲ್ಲಿಲ್ಲದ ಜಾಗ ಕಂಡ ಹಾಗೆ.

ನಿಜವಾಗಿ ಕಡಿಯಿತೇ? ಕಡಿಯಲಿ ಎಂಬ ಆಸೆಗೆ ಹಾಗೆ ಕೇಳಿಸಿತೇ? 'ಇದೆ' ಎಂದುಬಿಟ್ಟರೆ ಅಜ್ಜನೂ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ಅದಕ್ಕೇ ಹಾಗೆನ್ನಲು ಮನಸ್ಸು ಒಪ್ಪಲಿಲ್ಲ.

"ಮೇಷ್ಟ್ರೇ, ನನ್ನ ಮೇಲೆ ನನಗೇ ನಂಬಿಕೆ ಇಲ್ಲ," ಎಂದು ಕೂಗಿದೆ. "ಗೋಡೆ ಕಡೆ ತಿರುಗಿ ನಿಲ್ತೀನಿ. ಅಜ್ಜ ಇದ್ದಾರೋ ಇಲ್ವೋ ಹೇಳ್ಬೇಡಿ."

"ಅಯ್ಯೋ, ಕಂಡೂ ಕಂಡೂ ಬಾವಿಗೆ ಬೀಳ್ತಾಳಲ್ಲ," ಎಂದು ಮಾವ ಗೊಣಗಿದ್ದು ಕೇಳಿಸಿತು.

ಗೋಡೆಯ ಸುಣ್ಣ ನೋಡುತ್ತ ಎಣಿಸಿದೆ. ಹದಿನಾರು: ಕಡಿಯಲಿಲ್ಲ. ತೆಳ್ಳಗೆ ಏನೋ ಎರಡು ದಡಗಳನ್ನು ಹಿಡಿದುಕೊಂಡಿತ್ತು. ಮೂವತ್ತೆರಡು: ಕಡಿಯಿತು. ಕೈ ಎತ್ತಿದೆ.

"ಮೊದಲು ಅಜ್ಜ ಇದ್ರು. ಮೂವತ್ತೆರಡನೇ ಹೆಜ್ಜೆಗೆ ನಿಲ್ಲಿಸಿದ್ರು."

ಮೆಕ್ಯಾನಿಕ್ ಚಪ್ಪಾಳೆ ತಟ್ಟಿದ. "ಸೋತ್ಯಲ್ಲಕ್ಕ! ಅಜ್ಜ ಕೊನೇವರೆಗೂ ಊದಿದ್ರು. ನಾವೆಲ್ಲ ನೋಡ್ತಾ ಇದ್ವಿ."

ಮೇಷ್ಟ್ರು ಮುಖ ಕೆಳಗೆ ಹಾಕಿದರು. ಅವರಿಗೂ ಬೇಸರವಾಗಿತ್ತು ಅನ್ನಿಸುತ್ತದೆ. ನನ್ನ ಕಿವಿ ಸುಡುತ್ತಿತ್ತು. ನನ್ನ ಪ್ರಾಮಾಣಿಕತೆಯ ಚಪಲಕ್ಕೆ ಅಜ್ಜನ ಭಾನುವಾರವನ್ನೂ ಕಳೆದಿದ್ದೆ.

"ಅವಳು ಹೇಳಿದ್ದು ಸರಿ," ಎಂದರು ಅಜ್ಜ.

ಅವರು ಕ್ಲಾರಿನೆಟ್ಟಿನ ಬಾಯನ್ನು ಕರ್ಚೀಫಿನಿಂದ ಒರೆಸುತ್ತ ನೆಲ ನೋಡಿ ಹೇಳಿದರು: "ಮೂವತ್ತೆರಡಕ್ಕೆ ನಾನು ಉಸಿರು ತಗೋತೀನಿ. ಕೆನ್ನೆ ಉಬ್ಬಿಸ್ಕೊಂಡೇ ಇರ್ತೀನಿ, ಯಾರಿಗೂ ಗೊತ್ತಾಗಲ್ಲ. ಎರಡು ವರ್ಷದಿಂದ ಅಷ್ಟೊತ್ತು ಎಳೆಯೋಕೆ ಎದೇಲಿ ದಮ್ಮಿಲ್ಲ ಮೇಷ್ಟ್ರೇ. ಮೊದಲ್ನೇ ಹದಿನಾರು ನಾನು ತುಂಬ್ತೀನಿ, ಎರಡನೇದು ಅವಳು. ಇವತ್ತು ಅವಳು ಪಕ್ಕದಲ್ಲಿಲ್ಲ ಅನ್ನೋದೇ ಮರೆತುಹೋಯ್ತು."

ಈ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿಕೊಂಡಿರಲಿಲ್ಲ. ಅಜ್ಜನ ಉಸಿರು ಬದಲಾದಂತೆ ನನ್ನದೂ ತಾನಾಗಿಯೇ ಜಾಗ ಬದಲಿಸಿತ್ತು. ಗೋಡೆಗೆ ಮುಖ ಮಾಡಿ ನಾನು ಕೇಳಿಸಿಕೊಂಡ ಆ ಖಾಲಿ ಜಾಗ ನನ್ನದೇ.

ಮೇಷ್ಟ್ರು ತಮ್ಮ ತಾಳದ ಕೋಲನ್ನು ಮಾವನ ಕೈಗೆ ಕೊಟ್ಟು ತಾವೇ ಗೇಟಿಗೆ ನಡೆದರು, ಗೋಡೆಗೆ ಮುಖ ಮಾಡಿ ನಿಂತರು. ನಾವಿಬ್ಬರೂ ಸೇರಿ ನುಡಿಸಿದೆವು. ಆಮೇಲೆ ಇಬ್ಬರೂ ಬಿಟ್ಟೆವು. ಎರಡನೆಯ ಸಲ ಹದಿನಾರಕ್ಕೇ ಅವರು ಕೈ ಎತ್ತಿದರು.

ಹಿಂದಿರುಗುವಾಗ ಒಂದು ಕೊಳವೆ ಎಡವಿ ಅದಕ್ಕೆ ಬೈದರು. ಆಮೇಲೆ ಅಜ್ಜನಿಗೆ, "ಇಷ್ಟು ದಿನ ಮುಚ್ಚಿಟ್ರಲ್ಲ," ಎಂದರು.

"ಹೇಳಿದ್ರೆ ಇಟ್ಕೋತಿದ್ರಾ?"

ಮೇಷ್ಟ್ರು ಮಾವನಿಂದ ಕೋಲು ವಾಪಸ್ ತೆಗೆದುಕೊಂಡರು. "ಇಬ್ಬರೂ ಅಲ್ಲೇ ಇರಿ. ಟ್ರಂಪೆಟ್ ಇರೋದು ಸಾಕು," ಎಂದರು. ಮೆಕ್ಯಾನಿಕ್ ಕಡೆ ತಿರುಗಿ, "ಸಾಕು ಅಂದ್ನಲ್ಲ, ನೀನು ಸ್ವಲ್ಪ ಜಾಸ್ತಿನೇ," ಎಂದೂ ಸೇರಿಸಿದರು.

ಭಾನುವಾರ ಬೀದಿಯ ಎರಡೂ ಬದಿ ಜನ. ಒಬ್ಬ ತಾಯಿ ಮಗುವನ್ನು ಎತ್ತಿ ಹಿಡಿದು ಡೋಲು ತೋರಿಸಿದಳು, ಟ್ರಂಪೆಟ್ ತೋರಿಸಿದಳು. ಅವಳ ಬೆರಳು ನಮ್ಮನ್ನು ದಾಟಿ ಹೋಯಿತು. ಸರಿಯಾಗಿ ಊದುತ್ತಿದ್ದೇನೆಯೇ ಎಂಬ ಭಯ ಇತ್ತು, ಎಂದಿನಷ್ಟೇ ಇತ್ತು. ಇಪ್ಪತ್ತೊಂಬತ್ತು, ಮೂವತ್ತು ಎಂದು ಎಣಿಸುತ್ತಿದ್ದೆ. ಪಕ್ಕದಲ್ಲಿ ಅಜ್ಜ, ಈ ಸಲ ಕೆನ್ನೆ ಉಬ್ಬಿಸುವ ನಾಟಕವಿಲ್ಲದೆ, ಬಾಯಿ ತೆರೆದು ನಿರಾಳವಾಗಿ ಉಸಿರೆಳೆದುಕೊಂಡರು.