ಎಲ್ಲ ಸರಿ ಇದೆ, ಮೇಡಂ

ಕೋರ್ಟಿನ ಎದುರಿನ ಹೋಟೆಲಿನಲ್ಲಿ ಮುದುಕ ಟಿಬ್ಸ್ ಮೊಟ್ಟೆಯ ಮೇಲೆ ಖಾರದ ಸಾಸನ್ನು ಧಾರಾಳವಾಗಿ ಸುರಿದುಕೊಳ್ಳುತ್ತಿದ್ದ. ಎದುರಿಗೆ ಕುಳಿತ ವೆಂಡಲ್ ಕ್ರೌಸ್ ಅವನನ್ನೇ ದಿಟ್ಟಿಸುತ್ತಿದ್ದ. ಈ ಮನುಷ್ಯನಿಗೆ ಇದರಿಂದ ಸಿಗುವುದಾದರೂ ಏನು? ಪೊಲೀಸನಲ್ಲ, ವಕೀಲನಲ್ಲ, ಸಂಬಳವೂ ಇಲ್ಲ. ಆದರೂ ವಾರವಾರವೂ ಬಂದು ಕೂರುತ್ತಾನೆ.

ವೆಂಡಲ್ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದವನು. ಇರಾಕಿನಿಂದ ಮರಳಿದ ದಿನ ವಿಮಾನ ನಿಲ್ದಾಣದಲ್ಲಿ ಜನ ಚಪ್ಪಾಳೆ ತಟ್ಟಿದ್ದರು, ಕೈಕುಲುಕಿ ‘ನಿಮ್ಮ ಸೇವೆಗೆ ಧನ್ಯವಾದ’ ಎಂದಿದ್ದರು. ಆಮೇಲೆ ನಿದ್ದೆ ಹೋಯಿತು, ಬಾಟಲಿ ಬಂತು, ಬಾರಿನ ಹೊರಗೆ ಒಬ್ಬನ ದವಡೆ ಮುರಿಯಿತು. ಅವರು ಕುಲುಕಿದ ಕೈಗೇ ಊರು ಕೋಳ ತೊಡಿಸಿತು. ಧನ್ಯವಾದ ಹೇಳಿದವರಲ್ಲಿ ಒಬ್ಬರೂ ಠಾಣೆಯ ಕಡೆ ತಲೆಹಾಕಲಿಲ್ಲ. ಮಾಜಿ ಸೈನಿಕರಿಗೆಂದೇ ಇದ್ದ ಈ ಕೋರ್ಟು ಮಾತ್ರ ಒಂದು ದಾರಿ ತೋರಿಸಿತು: ಕುಡಿತ ಬಿಟ್ಟು ಚಿಕಿತ್ಸೆ ಮುಗಿಸಿದರೆ ಕೇಸು ರದ್ದು, ಇಲ್ಲವಾದರೆ ಜೈಲು. ಜೊತೆಗಿರಲೆಂದು ಹಳೆಯ ಸೈನಿಕನೊಬ್ಬನನ್ನು ಕೊಟ್ಟಿತು. ಅವನೇ ಟಿಬ್ಸ್.

“ಅಲ್ಲಯ್ಯಾ, ಸೈನ್ಯ ಬಿಡೋವಾಗ ನೀನು ಏನಾಗಿದ್ದೆ?” ವೆಂಡಲ್ ಕೇಳಿದ.

“ಸಿಪಾಯಿ. ಅಡಿಗೆಮನೇಲಿ.”

“ಅಷ್ಟು ವರ್ಷಕ್ಕೂ ತೋಳಿಗೆ ಬಡ್ತಿಯ ಒಂದು ಪಟ್ಟಿ ಬರ್ಲಿಲ್ವಾ?”

“ಬಂತು ಸಾರ್ಜೆಂಟ್ ಸಾಹೇಬ್ರೇ, ಎರಡು ಸಲ. ಎರಡು ಸಲಾನೂ ಕಿತ್ಕೊಂಡ್ರು. ಒಂದ್ಸಲ ಕುಡಿದು ಜೀಪು ಗುದ್ದಿದ್ದಕ್ಕೆ. ಇನ್ನೊಂದ್ಸಲ ಬಹುಶಃ ನನ್ನ ಸೂಪಿಗೆ.”

ವೆಂಡಲ್ ನಗಲು ಹೋದ, ಆಗಲಿಲ್ಲ. “ಶನಿವಾರ ಕುಡಿದೆ” ಎಂದ. “ಕೋರ್ಟಿನ ಟೆಸ್ಟಲ್ಲಿ ಸಿಕ್ಕಿಬೀಳ್ಲಿಲ್ಲ. ಯಾರಿಗೂ ಹೇಳ್ಬೇಡ. ಇದು ಆರ್ಡರ್.”

“ನಾನು ಹೇಳೋ ಹಾಗೇ ಇಲ್ಲ ತಮ್ಮಾ. ನಮ್ಮಿಬ್ಬರ ಮಾತು ನಮ್ಮಲ್ಲೇ ಇರ್ಬೇಕು, ನಿಯಮಾನೇ ಹಾಗಿದೆ. ನೀನೇನು ಹೇಳ್ತೀಯೋ ಅನ್ನೋ ಕುತೂಹಲ ಮಾತ್ರ ನಂಗೂ ಇದೆ.”

“ಹೇಳಿದ್ರೆ ಒಳಗೆ ಹಾಕ್ತಾರೆ.”

“ಹಾಕಬಹುದು.”

“ಹೇಳದಿದ್ರೆ?”

“ಬಚಾವಾಗ್ತೀಯ. ಮುಂದಿನ ವಾರಾನೂ ಒಂದು ಶನಿವಾರ ಬರುತ್ತೆ.”

ಕೋರ್ಟಿನಲ್ಲಿ ಹೆಸರು ಕೂಗಿದಾಗ ವೆಂಡಲ್ ಎದ್ದು ಹಿಮ್ಮಡಿ ಜೋಡಿಸಿ ನಿಂತ. ಟಿಬ್ಸ್ ಅವನ ಪಕ್ಕಕ್ಕೆ ಬಂದು ನಿಂತ.

“ವಾರ ಹೇಗಿತ್ತು, ಮಿಸ್ಟರ್ ಕ್ರೌಸ್?” ನ್ಯಾಯಾಧೀಶೆ ಕೇಳಿದರು.

“ಎಲ್ಲ ಸರಿ ಇದೆ, ಮೇಡಂ!”

ಯೋಚಿಸುವ ಮೊದಲೇ ಮಾತು ಹೊರಬಿದ್ದಿತ್ತು. ಅದು ಸಾರ್ಜೆಂಟನ ನಾಲಿಗೆ. ಬೆಳಗಿನ ಹಾಜರಿಯ ಸಾಲಿನಲ್ಲಿ ಒಬ್ಬನಿಗೆ ಜ್ವರವಿರಲಿ, ಇನ್ನೊಬ್ಬ ರಾತ್ರಿಯೆಲ್ಲ ಅತ್ತಿರಲಿ, ಮೇಲಿನವರ ಕಿವಿಗೆ ಬೀಳಬೇಕಾದದ್ದು ಇದೊಂದೇ ವರದಿ. ತನ್ನ ತುಕಡಿಯ ಹುಡುಗರಿಗೂ ಅವನು ಇದನ್ನೇ ಕಲಿಸಿದ್ದ.

ನ್ಯಾಯಾಧೀಶೆ “ಶಭಾಷ್” ಎಂದರು. ಒಳ್ಳೆಯ ವಾರಕ್ಕೆ ಇಲ್ಲಿ ಇಡೀ ಕೋರ್ಟು ಚಪ್ಪಾಳೆ ತಟ್ಟುತ್ತದೆ, ಈಗಲೂ ತಟ್ಟಿತು. ವಿಮಾನ ನಿಲ್ದಾಣದ ಚಪ್ಪಾಳೆಯೂ ಹೀಗೇ ಇತ್ತಲ್ಲ ಎಂದು ವೆಂಡಲ್‌ಗೆ ಅನ್ನಿಸಿತು. ಪಕ್ಕಕ್ಕೆ ನೋಡಿದ. ಟಿಬ್ಸ್ ಚಪ್ಪಾಳೆ ತಟ್ಟುತ್ತಿರಲಿಲ್ಲ. ಕಣ್ಣಿನಲ್ಲಿ ಆಕ್ಷೇಪಣೆಯೂ ಇರಲಿಲ್ಲ. ಒಲೆಯ ಮೇಲಿನ ನೀರು ಕುದಿಯಲೆಂದು ಕಾಯುವವನ ಹಾಗೆ ಸುಮ್ಮನೆ ನೋಡುತ್ತಿದ್ದ.

“ಮೇಡಂ, ನಾನು ಕೊಟ್ಟ ವರದಿ ತಪ್ಪು.”

ಚಪ್ಪಾಳೆ ನಿಂತಿತು.

“ಶನಿವಾರ ಕುಡಿದೆ. ಟೆಸ್ಟಲ್ಲಿ ಸಿಗ್ಲಿಲ್ಲ. ನಿದ್ದೆ ಬರ್ತಿಲ್ಲ. ಯಾವುದೂ ಸರಿ ಇಲ್ಲ.”

ನ್ಯಾಯಾಧೀಶೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎರಡು ದಿನ ಲಾಕಪ್. ಅದು ಕುಡಿದಿದ್ದಕ್ಕೆ. ಮುಗಿಸ್ಕೊಂಡು ವಾಪಸ್ ಇಲ್ಲಿಗೇ ಬರ್ಬೇಕು. ನಿಮ್ಮನ್ನ ಕೈಬಿಡೋದಿಲ್ಲ, ಅದು ಈಗ ನಿಜ ಹೇಳಿದ್ದಕ್ಕೆ. ನಿದ್ದೆ ವಿಷಯ ಡಾಕ್ಟರಿಗೆ ಇವತ್ತೇ ತಿಳಿಸ್ತೀವಿ.”

ಪೇದೆ ಕೋಳ ತಂದ. ಟಿಬ್ಸ್ ಬಾಗಿಲವರೆಗೂ ಜೊತೆಯಲ್ಲೇ ನಡೆದ. ವೆಂಡಲ್‌ಗೆ ಇನ್ನು ತಡೆಯಲಾಗಲಿಲ್ಲ.

“ನೀನು ಯಾಕೆ ಬರ್ತೀಯಾ, ಹೇಳು?”

“ಜೀಪು ಗುದ್ದಿದಾಗ ನನ್ನನ್ನೂ ಹೀಗೇ ಕರ್ಕೊಂಡು ಹೋದ್ರು. ತಿರುಗಿ ನೋಡ್ದೆ, ಬೆಂಚೆಲ್ಲ ಖಾಲಿ. ಅಲ್ಲೊಬ್ಬ ಕೂತಿದ್ರೆ ಹೇಗಿರ್ತಿತ್ತೋ ಅಂತ ಅವತ್ತಿಂದ ತಲೇಲಿ ಕೊರೀತಾನೇ ಇದೆ. ನಂಗಂತೂ ಗೊತ್ತಾಗೋದಿಲ್ಲ, ನೀನೇ ಹೇಳ್ಬೇಕು. ಹೇಗಿದೆ?”

ಸಾರ್ಜೆಂಟ್ ಕ್ರೌಸ್ ಬಾಯಿ ತೆರೆದ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ.

“ಕಾಲು ನಡುಗ್ತಿದೆ” ಎಂದ.

“ಸರಿ, ನಿಧಾನಕ್ಕೆ ಹೋಗೋಣ” ಎಂದು ಟಿಬ್ಸ್ ಹೆಜ್ಜೆ ಸಣ್ಣದು ಮಾಡಿದ. ಪೇದೆಯೂ ನಿಧಾನಿಸಿದ.