ಹದಿಮೂರನೆಯ ಅಕ್ಷರ

ಯಂತ್ರ ತಪ್ಪು ಮಾಡುವುದಿಲ್ಲ ಎಂದು ನಾನು ಹಯಾತ ಕಾಕಾಗೆ ಹೇಳಿದ್ದು 1988ರ ಮಾರ್ಚ್ ತಿಂಗಳಲ್ಲಿ. ಹೇಳಿದ ಧಾಟಿ ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಹಯಾತ ಕಾಕಾ ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ಪ್ಯಾರಾಚೂಟ್ ಮಡಚಿ, ನಿವೃತ್ತರಾಗಿ ಸವಣೂರಿಗೆ ಮರಳಿದವರು. ಮಡಚುವ ಕೆಲಸ ಅವರಿಗೆ ಹೊಸದಲ್ಲ. ಮನೆತನವೇ ವೀಳ್ಯದೆಲೆ ಕಟ್ಟುವವರದು. ಗುಜರಿ ಅಂಗಡಿಗಳಲ್ಲಿ ಹುಡುಕಿ ತಂದ ವಿಮಾನದ ಪಂಖ, ಪೈಲಟ್ ಕುರ್ಚಿ, ಎರಡು ಗಾಲಿ, ಮುಳ್ಳು ನಿಂತ ಏಳೆಂಟು ಮೀಟರು, ಒಂದು ಹಳೆಯ ಪ್ಯಾರಾಚೂಟು ಅವರ ಆಸ್ತಿ. ಎಲೆ ವ್ಯಾಪಾರಿ ಭರಮಪ್ಪನವರ ಖಾಲಿ ಗೋದಾಮಿನಲ್ಲಿ ಅವನ್ನೆಲ್ಲ ಜೋಡಿಸಿ ‘ಸವಣೂರು ವಿಮಾನ ಸಂಗ್ರಹಾಲಯ’ ಎಂದು ಹೆಸರಿಟ್ಟಿದ್ದರು. ಬೋರ್ಡು ಬರೆಸುವುದೊಂದು ಬಾಕಿ. ವರ್ಷದಲ್ಲಿ ಸಂದರ್ಶಕರ ಪುಸ್ತಕಕ್ಕೆ ಬಿದ್ದ ಸಹಿ ಒಂಬತ್ತು. ಅದರಲ್ಲಿ ಐದು, ನೆರಳು ಹುಡುಕಿ ಒಳಬಂದ ಪೋಸ್ಟ್‌ಮನ್ ವಾದಿರಾಜನವು.

“ಸಾಬರ, ಬರೂ ಐತವಾರ ಮಧ್ಯಾಹ್ನದೊಳಗ ವಿಮಾನ ನೋಡಾಕಂತ ನೂರು ಮಂದಿ ಬಂದ್ರ ಗೋದಾಮು ನಿಮಗ,” ಎಂದರು ಭರಮಪ್ಪ. “ಇಲ್ಲಂದ್ರ ನಾ ಎಲಿ ಇಡ್ತೇನಿ.”

ಮನೆಗೆ ಒಯ್ಯುವ ಮಾತೇ ಇರಲಿಲ್ಲ. ಕಾಕಾನ ಹೆಂಡತಿ ರಹಿಮಾಬಿ ಮೊದಲೇ ಹೇಳಿಬಿಟ್ಟಿದ್ದರು: “ಒಂದು ಗಾಲಿ ಒಳಗ ಬಂದ್ರ ನಾ ಹೊರಗ.” ಗುಜರಿಯಿಂದ ಬಂದದ್ದು ಮತ್ತೆ ಗುಜರಿಗೇ ಹೋಗಬೇಕಿತ್ತು. ಕಾಕಾ ಅಂದು ಇಡೀ ದಿನ ಪಂಖ ಒರೆಸುತ್ತ ಕೂತಿದ್ದರು.

ನಾನು ಹುಬ್ಬಳ್ಳಿಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದ್ದೆ. ನಮ್ಮ ಓಣಿಯಲ್ಲಿ ಅದನ್ನು ಕಲಿತವಳು ನಾನೊಬ್ಬಳೇ, ಮತ್ತು ಅದನ್ನು ಮರೆಯಲು ಯಾರಿಗೂ ಬಿಟ್ಟಿರಲಿಲ್ಲ. ಬಿಟ್ಟಿ ಸೇವೆಗೆ ನಾನೇ ಮುಂದಾದೆ. ಮತದಾರರ ಪಟ್ಟಿಯಿಂದ ಇನ್ನೂರು ವಿಳಾಸ ತೆಗೆದು, ಕ್ಲಾಸಿನ ಕಂಪ್ಯೂಟರಿನಲ್ಲಿ ಆಮಂತ್ರಣ ಮುದ್ರಿಸಿ, ಕತ್ತರಿಸಿ, ಪೋಸ್ಟ್ ಕಾರ್ಡಿಗೆ ಅಂಟಿಸಿದೆ. ಆ ಯಂತ್ರಕ್ಕೆ ನಮ್ಮ ಲಿಪಿ ಬಾರದು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ.

“ಒಮ್ಮೆ ಓದಿ ನೋಡೂಣೇನ್ರಿ ಬಾಯಾರ?” ಎಂದರು ಕಾಕಾ. ಆಗ ನಾನು ಆ ಮಾತು ಆಡಿದ್ದು.

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಜನ ಓಣಿಯ ತಿರುವಿನವರೆಗೆ ನಿಂತಿದ್ದರು. ಕೆಲವರು ಶಿಗ್ಗಾವಿಯ ಬೀಗರನ್ನೂ ಕರೆತಂದಿದ್ದರು. ನಾನು ಬಾಗಿಲಲ್ಲಿ ಪುಸ್ತಕ ಹಿಡಿದು ಕೂತು, ಹೆಸರು ಮತ್ತು ಬಂದ ಕಾರಣ ಬರೆಸಿಕೊಂಡೆ. ಎಣಿಸುವ ಗಡಿಬಿಡಿಯಲ್ಲಿ ಓದಲಿಲ್ಲ. ನೂರಾ ಹನ್ನೆರಡು ಆಗಿತ್ತು.

ಆಗ ಮಠದ ಓಣಿಯ ಭಾಗೀರಥಿಬಾಯಿ ನನ್ನ ಹತ್ತಿರ ಬಗ್ಗಿದರು. “ಗೋಪಿಕಾ, ಇದು ಸತ್ತಮ್ಯಾಲೆ ಕೊಡ್ತಾರೋ, ಮೊದಲ ಕೊಡ್ತಾರೋ?”

“ಯಾವುದು ಕಾಕು?”

“ವಿಮಾ,” ಎಂದು ಕಾರ್ಡು ಮುಂದೆ ಹಿಡಿದರು.

ಸಂಗ್ರಹಾಲಯದ ಹೆಸರಿಗೆಂದು ಕಂಪ್ಯೂಟರಿನಲ್ಲಿ ನಾನೇ ಇಟ್ಟ ಜಾಗ ಹನ್ನೆರಡು ಅಕ್ಷರದ್ದು. ಇಂಗ್ಲಿಷಿನಲ್ಲಿ ಸವಣೂರಿಗೆ ಏಳು, ನಡುವಿನ ಖಾಲಿಗೆ ಒಂದು, ಉಳಿದ ನಾಲ್ಕಕ್ಕೆ ‘ವಿಮಾ’. ಹದಿಮೂರನೆಯ ಅಕ್ಷರದಿಂದ ಮುಂದಿನದನ್ನೆಲ್ಲ ಯಂತ್ರ ಕತ್ತರಿಸಿತ್ತು. ನಮ್ಮ ಕಡೆ ಜೀವವಿಮೆಗೆ ವಿಮಾ ಎಂದೇ ಅನ್ನುವುದು. ಕೆಳಗೆ ‘ಉಚಿತ, ಮನೆಮಂದಿಯೆಲ್ಲ ಬಂದು ಹೆಸರು ಬರೆಸಿರಿ’ ಎಂದು ಬೇರೆ ಇತ್ತು. ಪುಸ್ತಕ ನೋಡಿದೆ. ಬಂದ ಕಾರಣ: ವಿಮಾ, ವಿಮಾ, ವಿಮಾ. ಭೂಮಿ ಬಾಯಿಬಿಡಬಾರದೇ ಅನಿಸಿತು.

ಸುದ್ದಿ ಹಿಂದಿನ ಸಾಲಿಗೆ ಹೋಯಿತು. “ಅಂಗಡಿ ಮುಚ್ಚಿ ಬಂದೇನ್ರಿ ನಾ,” ಎಂದು ಖಾರದ ಅಂಗಡಿಯ ಕರೀಮಸಾಬ ಸಿಡುಕಿದ. ಜನ ಚಪ್ಪಲಿ ಹುಡುಕತೊಡಗಿದರು.

ಹಯಾತ ಕಾಕಾನ ಮುಖ ಬಾಡಿತ್ತು. ಆದರೂ ಒಳಗಿನಿಂದ ಪ್ಯಾರಾಚೂಟು ಹೊತ್ತು ತಂದರು. “ವಿಮಾ ಇಲ್ಲೇ ಐತ್ರಿ. ನಿಮ್ಮದು ಸತ್ತಮ್ಯಾಲೆ ಬರತೈತಿ. ಇದು ಸಾಯಾಕ ಬಿಡೂದಿಲ್ಲ.”

ಬಿಚ್ಚಿದರೆ ಬಿಳಿ ಬಟ್ಟೆ ಗೋದಾಮು ತುಂಬಿ ಓಣಿಗೂ ಬಂತು. ಹೆಂಗಸರು ಅಂಚು ಹಿಡಿದರು. ಕಾಕಾ ಮಂಡಿಯೂರಿ, ಎಲೆ ಕಟ್ಟುವ ಬೆರಳುಗಳಿಂದ ಒಂದೊಂದೇ ನೆರಿಗೆ ಕೂಡಿಸುತ್ತ ಅಷ್ಟನ್ನೂ ಒಂದು ಗಂಟು ಮಾಡಿದರು. ಯಾರೂ ಕದಲಲಿಲ್ಲ.

“ನೀವು ಮಡಚಿದ್ದರಾಗ ಎಷ್ಟು ಮಂದಿ ಉಳಿದ್ರು?” ಭಾಗೀರಥಿಬಾಯಿ ಕೇಳಿದರು.

“ಒಬ್ಬಾಂವ. ಬಾಕಿ ಮಂದಿಗೆ ಜಿಗಿಯೂ ಪ್ರಸಂಗ ಬರಲಿಲ್ಲ.”

“ಒಬ್ಬಾಂವನ ಸಲುವಾಗಿ ಇಪ್ಪತ್ತು ವರ್ಷ ಮಡಚಿದ್ರೇನು?”

“ಯಾವಾಂವ ಅಂತ ಮೊದಲ ಗೊತ್ತಾಗೂದಿಲ್ಲಲ್ರೀ.”

ನನಗೆ ಅಳು ಬಂತು. ಓದಿ ನೋಡೋಣ ಎಂದವರು ಇದೇ ಮನುಷ್ಯ.

ಹನ್ನೆರಡಕ್ಕೆ ಭರಮಪ್ಪ ಬಂದು ಪುಸ್ತಕ ತಿರುವಿ ನಕ್ಕರು. “ಮಂದಿ ಬಂದದ್ದು ಖರೆ. ಆದ್ರ ವಿಮಾನ ನೋಡಾಕ ಒಬ್ರೂ ಬಂದಿಲ್ಲ. ಎಲ್ಲಾರೂ ವಿಮಾ ಅಂತ ಬರದಾರ. ಕರಾರು ಕರಾರು.”

ಭಾಗೀರಥಿಬಾಯಿ ನನ್ನ ಕೈಯಿಂದ ಪೆನ್ನು ಕಸಿದರು. “ಇಲ್ಲಿ ಕೊಡು. ಅವಸರದಾಗ ಒಂದು ಅಕ್ಷರ ಬಿಟ್ಟೇನಿ.” ತಮ್ಮ ‘ವಿಮಾ’ದ ಮುಂದೆ ‘ನ’ ಬರೆದರು.

ಅವರ ಹಿಂದೆ ಕರೀಮಸಾಬ ನಿಂತ. ಅವನ ಹಿಂದೆ ಉಳಿದವರು. ಸಾಲು ಮತ್ತೆ ತಿರುವಿನವರೆಗೆ ಬೆಳೆಯಿತು. ಹೆಬ್ಬೆಟ್ಟು ಒತ್ತಿದ್ದ ಶಂಕ್ರವ್ವನ ಕಾರಣ ನಾನೇ ಬರೆದಿದ್ದೆ. ಈಗಲೂ ಬರೆಯಲು ಹೋದರೆ ಆಕೆ ಬಿಡಲಿಲ್ಲ. “ನಂದು ನಾನ ಬರೀತೇನಿ. ತೋರ್ಸವಾ.”

ಅಂಗೈ ಮೇಲೆ ಬರೆದು ತೋರಿಸಿದೆ. ಆಕೆ ಉಸಿರು ಬಿಗಿಹಿಡಿದು ಬರೆದ ‘ನ’ ಪುಸ್ತಕದಲ್ಲಿ ಮೂರು ಜನರ ಸಾಲು ನುಂಗಿತು. ಭರಮಪ್ಪ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗೋದಾಮಿನ ಕೀಲಿಕೈ ಪುಸ್ತಕದ ಮೇಲಿಟ್ಟು, ಪೆನ್ನು ಕೇಳಿ, ತಮ್ಮ ಹೆಸರೂ ಬರೆದರು.